ಪುರಿಯಲ್ಲಿ ರೂಮು ಹಿಡಿಯುವುದು

ನಮ್ಮ ಕಡೆಯವರು ಯಾರಾದರೂ ಪುರಿಗೆ ಹೊರಟರೆ ನನಗೊಂದು ಫೋನ್ ಬಂದೇ ಬರುತ್ತದೆ. ಬ್ಯಾಂಕಿನಲ್ಲಿದ್ದಷ್ಟು ಕಾಲ ಎಲ್‌ಟಿಸಿ ಕೈಗೆ ಸಿಕ್ಕಾಗೆಲ್ಲ ನಾನು ಒಡಿಶಾದ ಕಡೆಗೇ ಮುಖ ಮಾಡುತ್ತಿದ್ದೆ ಅನ್ನುವುದು ನೆಂಟರಿಷ್ಟರಲ್ಲಿ ಅಷ್ಟು ಪ್ರಚಾರವಾಗಿದೆ. "ಒಳ್ಳೇ ಲಾಡ್ಜ್ ಒಂದು ಹೇಳಿ. ಸಮುದ್ರ ಕಾಣಬೇಕು, ದೇವಸ್ಥಾನಕ್ಕೆ ನಡೆದೇ ಹೋಗುವ ಹಾಗಿರಬೇಕು, ಗಲಾಟೆ ಇರಬಾರದು, ಸಸ್ಯಾಹಾರ ಸಿಗಬೇಕು." ಇಷ್ಟೂ ಒಂದೇ ಉಸಿರಿನಲ್ಲಿ ಬರುತ್ತದೆ. ಈ ನಾಲ್ಕೂ ಒಂದೇ ಸೂರಿನಡಿ ಇರುವ ಜಾಗ ಪುರಿಯಲ್ಲಿ ನನಗಂತೂ ಸಿಕ್ಕಿಲ್ಲ. ಎರಡು ಸಿಕ್ಕರೆ ಅದೃಷ್ಟ, ಮೂರು ಸಿಕ್ಕರೆ ಜಗನ್ನಾಥನ ದಯೆ. ಹಾಗಾಗಿ ನಾನು ತಿರುಗಿ ಕೇಳುವುದು ಒಂದೇ ಪ್ರಶ್ನೆ: ಜೊತೆಗೆ ಯಾರು ಬರ್ತಿದಾರೆ, ಅವರ ಮೊಣಕಾಲು ಹೇಗಿದೆ? ಕೆಲವರು ನಗುತ್ತಾರೆ. ವಯಸ್ಸಾದವರನ್ನು ಕರೆದುಕೊಂಡು ಕ್ಷೇತ್ರ ಸುತ್ತಿದವರು ಮಾತ್ರ ನಗುವುದಿಲ್ಲ.

ಊರು ಹೀಗಿದೆ. ಜಗನ್ನಾಥನ ಗುಡಿ ಕಡಲಿಗೆ ಅಂಟಿಕೊಂಡಿಲ್ಲ, ಸ್ವಲ್ಪ ಒಳಗಿದೆ. ಗುಡಿಯ ಸಿಂಹದ್ವಾರದಿಂದ ಗುಂಡಿಚಾ ಮಂದಿರದವರೆಗೆ ಸುಮಾರು ಮೂರು ಕಿಲೋಮೀಟರ್ ಉದ್ದಕ್ಕೆ ಬಡ ದಾಂಡ, ಅಂದರೆ ರಥ ಎಳೆಯುವ ಆ ಅಗಲವಾದ ಬೀದಿ. ಅದರ ಅಕ್ಕಪಕ್ಕದಲ್ಲಿ ಹಳೆಯ ಧರ್ಮಶಾಲೆಗಳು, ಮಠಗಳು, ದೇವಸ್ಥಾನದ ಆಡಳಿತವೇ ನಡೆಸುವ ನೀಲಾಚಲ, ನೀಲಾದ್ರಿ, ಪುರುಷೋತ್ತಮ ಎಂಬ ಭಕ್ತ ನಿವಾಸಗಳು. ಗುಡಿಯಿಂದ ಕಡಲ ಕಡೆಗೆ ಇಳಿದರೆ ಸ್ವರ್ಗದ್ವಾರ. ಹೋಟೆಲುಗಳ ಜಾತ್ರೆಯೇ ಅಲ್ಲಿ. ಮರಳಿನ ಗುಂಟ ಪೂರ್ವಕ್ಕೆ ಹೋದರೆ ಚಕ್ರತೀರ್ಥ ರಸ್ತೆ, ಎಲ್ಲರ ಬಾಯಲ್ಲೂ ಸಿಟಿ ರೋಡ್. ಅದರ ತುದಿಗೆ ಪೆಂಟಕೋಟ ಎಂಬ ಮೀನುಗಾರರ ದೊಡ್ಡ ಕೇರಿ. ಈ ಮೂರೂ ಕಡೆ ನಾನು ಉಳಿದಿದ್ದೇನೆ. ಒಂದೇ ಊರು ಅನ್ನಿಸುವುದಿಲ್ಲ.

ಮೊದಲು ನೋಡಿದ್ದು 1986ರಲ್ಲಿ, ತಾತ ಅಜ್ಜಿಯ ಕಾಶಿಯಾತ್ರೆಯ ಬಾಲವಾಗಿ. ಕಾಶಿ, ಗಯಾ ಮುಗಿಸಿ ಹೌರಾಕ್ಕೆ ಬಂದು ರಾತ್ರಿ ರೈಲು ಹತ್ತಿದ್ದೆವು. ರೂಮು ಎಲ್ಲಿ ಅನ್ನುವ ಚಿಂತೆ ತಾತನಿಗೆ ಎಳ್ಳಷ್ಟೂ ಇರಲಿಲ್ಲ. ಖುರ್ದಾ ರೋಡ್ ಸ್ಟೇಷನ್ನಿನಲ್ಲಿ ಪಂಡಾನ, ಅಂದರೆ ಯಾತ್ರಿಕರನ್ನು ನೋಡಿಕೊಳ್ಳುವ ಗುಡಿಯ ಪೂಜಾರಿಯ, ಕಡೆಯವನೊಬ್ಬ ಬೋಗಿಗೆ ಹತ್ತಿ, ಬೆಂಚಿನಿಂದ ಬೆಂಚಿಗೆ ಬಂದು, "ಯಾವ ದೇಶ, ಯಾವ ಜಿಲ್ಲೆ" ಎಂದು ವಿಚಾರಿಸಿದ. "ಮೈಸೂರು ದೇಶ" ಅಂದರು ತಾತ. ರಾಜ್ಯಕ್ಕೆ ಕರ್ನಾಟಕವೆಂದು ಹೆಸರಾಗಿ ಹದಿಮೂರು ವರ್ಷ ಕಳೆದಿದ್ದರೂ ಅವರ ಬಾಯಲ್ಲಿ ಅದು ಮೈಸೂರು ದೇಶವೇ. ಮುಂದಿನದೆಲ್ಲ ಅವನದೇ ಜವಾಬ್ದಾರಿ. ಸೈಕಲ್ ರಿಕ್ಷಾ, ಗಲ್ಲಿ, ಮತ್ತೊಂದು ಗಲ್ಲಿ, ಕೊನೆಗೆ ಗುಡಿಯ ಗೋಡೆಯ ಮಗ್ಗುಲಲ್ಲೇ ಪಂಡಾನ ಮನೆ. ನಡುವೆ ಅಂಗಳ, ಅಂಗಳದಲ್ಲಿ ಬಾವಿ, ಸುತ್ತ ಕತ್ತಲೆ ಕೋಣೆಗಳು. ನಮ್ಮ ಕೋಣೆಗೆ ಕಿಟಕಿಯಿರಲಿಲ್ಲ. ಗೋಡೆಯ ಸುಣ್ಣದ ಮೇಲೆ ಹಿಂದೆ ಉಳಿದವರು ಯಾವ ಯಾವುದೋ ಲಿಪಿಯಲ್ಲಿ ಇದ್ದಲಿನಿಂದ ಲೆಕ್ಕ ಬರೆದಿದ್ದರು.

ಬಾಡಿಗೆ ಎಷ್ಟೆಂದರೆ ಪಂಡಾ ಎರಡೂ ಕಿವಿ ಮುಟ್ಟಿಕೊಂಡ. ಯಾತ್ರಿಕರ ಹತ್ತಿರ ಬಾಡಿಗೆಯೇ! ಆದರೆ ಹೊರಡುವ ಹಿಂದಿನ ಸಂಜೆ ದಪ್ಪನೆಯ ಖಾತೆ ಪುಸ್ತಕ ಬಿಚ್ಚಿಕೊಂಡು ಕೂತ. ನಮ್ಮ ಕಡೆಯಿಂದ ಮೊದಲು ಬಂದವರ ಹೆಸರು ಅದರಲ್ಲಿ ಸಿಗುತ್ತದೇನೋ ಎಂದು ಅಜ್ಜಿ ಕತ್ತು ಚಾಚಿ ನೋಡಿದರು. ನಮ್ಮೂರಿನವರು ಯಾರೂ ಇರಲಿಲ್ಲ. ತಾತನ ಹೆಸರು, ಗೋತ್ರ, ಮೂರು ತಲೆಮಾರು ಬರೆಸಿಕೊಂಡು, ಮಹಾಪ್ರಭುವಿನ ನೈವೇದ್ಯಕ್ಕೆಂದು ಅಟಿಕಾ ಮಾತು ತೆಗೆದ. ಐನೂರರಿಂದ ಶುರುವಾದ ಚೌಕಾಸಿ ನೂರಾ ಒಂದಕ್ಕೆ ಬಂದು ನಿಂತಿತು. ತಾತನ ಯಾತ್ರೆಯ ಡೈರಿ ನನ್ನ ಹತ್ತಿರ ಇದೆ. ಅದರಲ್ಲಿ "ಪುರಿ: ವಸತಿ ಖರ್ಚು ಇಲ್ಲ" ಎಂದಿದೆ. ಕೆಳಗಿನ ಸಾಲಿನಲ್ಲಿ ಅಟಿಕಾ, ದಕ್ಷಿಣೆ, ಆಳಿಗೆ ಇನಾಮು. ಬ್ಯಾಂಕಿನ ಕಣ್ಣಿಂದ ನೋಡಿದರೆ ಬಾಡಿಗೆಯನ್ನು ಬೇರೆ ಖಾತೆಗೆ ಹಾಕಿದ್ದಾರೆ ಅಷ್ಟೆ.

ಪಂಡಾಗಳ ಮನೆಯೇ ಪುರಿಯ ಮೊದಲ ಹೋಟೆಲು. ರೈಲು ಬಂದಿದ್ದು 1897ರಲ್ಲಿ. ಅದಕ್ಕೆ ಮುಂಚೆ ಕಾಲ್ನಡಿಗೆಯಲ್ಲಿ, ಎತ್ತಿನ ಗಾಡಿಯಲ್ಲಿ ಬರುತ್ತಿದ್ದ ಲಕ್ಷಾಂತರ ಜನ ತಂಗುತ್ತಿದ್ದುದು ಇಂಥ ಕೋಣೆಗಳಲ್ಲೇ. ರಥಯಾತ್ರೆಯ ಹೊತ್ತಿಗೆ ಒಂದೊಂದರಲ್ಲೂ ಜನರನ್ನು ತುರುಕಿ, ಕಾಲರಾ ಹಬ್ಬಿ, ಸತ್ತವರಿಗೆ ಲೆಕ್ಕವಿಲ್ಲದಂತಾಗಿ, ಕೊನೆಗೆ 1870ರ ಆಸುಪಾಸಿನಲ್ಲಿ ಬ್ರಿಟಿಷ್ ಸರಕಾರ ಪುರಿಯ ವಸತಿಗೃಹಗಳಿಗೆಂದೇ ಒಂದು ಕಾಯ್ದೆ ಮಾಡಬೇಕಾಯಿತು. ಲೈಸೆನ್ಸ್ ಇರಬೇಕು, ಒಂದು ಮನೆಯಲ್ಲಿ ಇಂತಿಷ್ಟೇ ಜನ ಇರಬೇಕು ಎಂಬ ಕಟ್ಟುಪಾಡು. ಈಗ ರೂಮಿನ ಬಾಗಿಲ ಹಿಂದೆ "ಇಬ್ಬರಿಗೆ ಮಾತ್ರ, ಹೆಚ್ಚುವರಿ ಹಾಸಿಗೆಗೆ ಬೇರೆ ದರ" ಎಂಬ ಚೀಟಿ ಕಂಡಾಗ ನನಗೆ ಆ ಕಾಯ್ದೆ ನೆನಪಾಗುತ್ತದೆ.

ಮದುವೆಯಾಗಿ, ಮಗಳು ಶಾಲೆಗೆ ಸೇರುವ ವಯಸ್ಸಿಗೆ ಬಂದಾಗ ಸಿಟಿ ರೋಡಿನಲ್ಲಿ ಇಳಿದುಕೊಂಡೆವು. ಬೆನ್ನಿಗೆ ಚೀಲ ಹೊತ್ತ ವಿದೇಶಿಯರ ಬೀದಿ ಅದು. ನಮ್ಮ ಗೆಸ್ಟ್ ಹೌಸ್ ಯಾವುದೋ ಜಮೀನ್ದಾರರ ಹಳೇ ಬಂಗಲೆ: ಎತ್ತರದ ಸೂರು, ಸೊಳ್ಳೆ ಪರದೆ, ತೋಟದಲ್ಲಿ ಗೋಡಂಬಿ ಮರ. ದರ ಕಡಿಮೆ, ಮರಳಿಗೆ ಇಳಿಯಲು ಹಿತ್ತಲ ಬಾಗಿಲೇ ಇತ್ತು. ಆದರೆ ಗಾಳಿ ತಿರುಗಿತೆಂದರೆ ಪೆಂಟಕೋಟದಲ್ಲಿ ಒಣಹಾಕಿದ ಮೀನು ನೇರವಾಗಿ ಮಂಚಕ್ಕೇ ಬರುತ್ತಿತ್ತು. ಈರುಳ್ಳಿಗೂ ಮುಖ ಸಿಂಡರಿಸುವ ನಮ್ಮವರು ಎರಡು ದಿನ ಮೂಗಿಗೆ ಕರ್ಚೀಫು ಕಟ್ಟಿಕೊಂಡು ಪೇಪರ್ ಓದಿದರು. ಮಗಳು ಮಾತ್ರ ಬೆಳಗಾಗುತ್ತಲೇ ದೋಣಿಗಳ ಹತ್ತಿರ ಓಡುತ್ತಿದ್ದಳು.

ಅದೇ ರಸ್ತೆಯಲ್ಲಿ ಬಿಎನ್‌ಆರ್ ಹೋಟೆಲ್ ಇದೆ. ಬೆಂಗಾಲ್ ನಾಗಪುರ ರೈಲ್ವೆ ಕಂಪನಿಯವರು 1925ರ ಸುಮಾರಿಗೆ ತೆರೆದದ್ದು. ಉದ್ದನೆಯ ಜಗಲಿ, ಬೆತ್ತದ ಕುರ್ಚಿಗಳು, ಹುಲ್ಲುಹಾಸು. ಅಲ್ಲಿ ಉಳಿಯುವ ದರ್ಜೆ ನನ್ನ ಎಲ್‌ಟಿಸಿಗೆ ಇರಲಿಲ್ಲ. ಗೇಟಿನ ಹೊರಗಿನಿಂದ ನೋಡಿಕೊಂಡು ಮುಂದೆ ಹೋಗುತ್ತಿದ್ದೆವು.

ಪುರಿಯ ಕಡಲು ನಮ್ಮ ಕರಾವಳಿಯ ಕಡಲಲ್ಲ ಎಂಬುದು ಸಿಟಿ ರೋಡಿನಲ್ಲೇ ತಿಳಿದದ್ದು. ನಮ್ಮಲ್ಲಿ ಸೂರ್ಯ ನೀರಿಗಿಳಿಯುತ್ತಾನೆ. ಅಲ್ಲಿ ದಡ ಆಗ್ನೇಯಕ್ಕೆ ತಿರುಗಿಕೊಂಡಿರುವುದರಿಂದ ಚಳಿಗಾಲದಲ್ಲಿ ಹುಟ್ಟುವುದನ್ನೂ ಮುಳುಗುವುದನ್ನೂ ಒಂದೇ ಮರಳಿನ ಮೇಲೆ ಕೂತು ನೋಡಬಹುದು. ಅಲೆ ಮಾತ್ರ ಬಲು ಒರಟು. ಮೊಣಕಾಲು ಮಟ್ಟದ ನೀರಿನಲ್ಲಿ ನಿಂತಿದ್ದರೂ ಹಿಂದೆ ಸರಿಯುವ ನೀರು ಕಾಲಡಿಯ ಮರಳನ್ನು ಕಿತ್ತುಕೊಂಡೇ ಹೋಗುತ್ತದೆ. ಅದಕ್ಕೇ ಅಲ್ಲಿ ನುಲಿಯಾಗಳು. ಬಿಳಿಯ ಮೊನೆಟೋಪಿ ಹಾಕಿಕೊಂಡು, ಗಾಳಿ ತುಂಬಿದ ಟ್ಯೂಬು ಹಿಡಿದು, ಸ್ನಾನಕ್ಕಿಳಿದವರ ಕೈ ಹಿಡಿದು ಅಲೆ ದಾಟಿಸುವವರು. ಆಂಧ್ರದ ಕಡೆಯಿಂದ ತಲೆಮಾರುಗಳ ಹಿಂದೆ ಬಂದು ನೆಲೆಸಿದ ಮೀನುಗಾರರು, ಮನೆಮಾತು ತೆಲುಗು. ನಮ್ಮ ಅತ್ತೆ ಬಳ್ಳಾರಿಯವರು. ಕನ್ನಡದಷ್ಟೇ ಸಲೀಸಾಗಿ ತೆಲುಗು. ಈ ಎರಡು ಸಂಗತಿ ಒಂದಕ್ಕೊಂದು ಕೂಡಿ ನಮಗೆ ಉಪಕಾರವಾದದ್ದು ಮುಂದೆ.

ಅತ್ತೆಗೆ ಎಪ್ಪತ್ತು ದಾಟಿದ ಮೇಲೆ, "ನಿಮ್ ತಾತ ಅಜ್ಜಿ ನೋಡ್ಯಾರಂತ, ನೀನೂ ನೋಡೀಯಂತ. ನಾನೇನ್ ಪಾಪ ಮಾಡೀನವ್ವಾ?" ಎಂದರು. ಆ ಸಲ ಸ್ವರ್ಗದ್ವಾರದಲ್ಲಿ, ಕಡಲಿಗೆ ಮುಖ ಮಾಡಿದ, ಫೋಟೋದಲ್ಲಿ ಬಲು ಅಂದವಾಗಿದ್ದ ಒಂದು ಹೋಟೆಲನ್ನು ನಮ್ಮವರು ಆಫೀಸಿನ ಬಂಗಾಳಿ ಗೆಳೆಯರೊಬ್ಬರ ಮೂಲಕ ಗೊತ್ತು ಮಾಡಿದರು. ಪುರಿಯ ವಿಷಯದಲ್ಲಿ ಬಂಗಾಳಿಗಳ ಮಾತು ಪ್ರಮಾಣ. ದೀಘಾ, ಪುರಿ, ಡಾರ್ಜಿಲಿಂಗ್ ಮೂರನ್ನೂ ಸೇರಿಸಿ 'ದಿಪುದಾ' ಎಂದು ತಮ್ಮನ್ನೇ ತಾವು ಗೇಲಿ ಮಾಡಿಕೊಳ್ಳುವ ಜನ ಅವರು. ರಜೆ ಬಂತೆಂದರೆ ಈ ಮೂರರಲ್ಲಿ ಒಂದು. ಕೋಲ್ಕತ್ತದ ಎಷ್ಟೋ ಬ್ಯಾಂಕು, ಕಂಪನಿಗಳ ನೌಕರರಿಗೆ ಅಲ್ಲಿ ಹಾಲಿಡೇ ಹೋಮುಗಳಿವೆ.

ರೈಲು ತಡವಾಗಿ ಭುವನೇಶ್ವರಕ್ಕೆ ಬಂದು, ಅಲ್ಲಿಂದ ಅರವತ್ತು ಕಿಲೋಮೀಟರ್ ಟ್ಯಾಕ್ಸಿಯಲ್ಲಿ ಪುರಿ ಮುಟ್ಟಿದಾಗ ರಾತ್ರಿ ಹನ್ನೊಂದಾಗಿತ್ತು. ಕರೆಂಟಿಲ್ಲ. ಜನರೇಟರು ದೀಪಕ್ಕೆ, ಫ್ಯಾನಿಗೆ ಮಾತ್ರ, ಲಿಫ್ಟಿಗೆ ಇಲ್ಲ. ರೂಮು ಮೂರನೇ ಮಹಡಿಯಲ್ಲಿ. ಅತ್ತೆ ಪ್ರತಿ ತಿರುವಿನಲ್ಲೂ ಕೂತು, ಎದ್ದು, "ಗೋವಿಂದಾ" ಎನ್ನುತ್ತ ಹತ್ತಿದರು. ಮೇಲೆ ಹೋಗಿ ಬಾಲ್ಕನಿಯ ಬಾಗಿಲು ತೆಗೆದರೆ ಕಡಲು ಇತ್ತು, ಮಾತಿಗೆ ತಪ್ಪಿರಲಿಲ್ಲ. ಕಡಲಿಗೂ ನಮಗೂ ನಡುವೆ ಬೆಂಕಿ ಉರಿಯುತ್ತಿತ್ತು. ಒಂದಲ್ಲ, ಸಾಲಾಗಿ ಹಲವು. ಸ್ವರ್ಗದ್ವಾರ ಅಂದರೆ ಮಸಣ; ಅಲ್ಲಿ ಸುಟ್ಟರೆ ಮೋಕ್ಷವೆಂದು ಒಡಿಶಾದ ಮೂಲೆಮೂಲೆಯಿಂದ ಹೆಣ ತರುತ್ತಾರೆ, ಹಗಲು ರಾತ್ರಿಯೆನ್ನದೆ ಚಿತೆ ಉರಿಯುತ್ತದೆ. ಅದರ ಎದುರಿಗೇ ಬಟ್ಟೆ ಅಂಗಡಿ, ಐಸ್‌ಕ್ರೀಮು, ಮೀನು ಕರಿಯುವ ಗಾಡಿ, ಶಂಖದ ಸರ ಮಾರುವವರು, ಒಂಟೆ ಸವಾರಿ.

ಅತ್ತೆ ಏನಂದಾರೋ ಎಂದು ನಮ್ಮವರು ಬಾಗಿಲು ಮುಚ್ಚಲು ಹೋದರು. ಅವರು ಕಂಬಿ ಹಿಡಿದು ನಿಂತು ಸ್ವಲ್ಪ ಹೊತ್ತು ನೋಡಿದರು. "ಮುಚ್ಚೋದ್ ಯಾಕ? ಎಲ್ಲಾರೂ ಹೋಗೋ ದಾರೀನ ಐತಿ. ಇಲ್ಲಿ ಸತ್ರ ಸೀದಾ ಸ್ವರ್ಗ ಅಂತಾರ, ಒಳ್ಳೇದು. ಆದ್ರ ಮೂರು ಮಾಳಿಗಿ ಹತ್ತಿ ಸಾಯೋದು ಬ್ಯಾಡಪ್ಪ. ನಾಳೆ ಬ್ಯಾರೆ ಕಡೆ ನೋಡು" ಎಂದು ಮಲಗಿಬಿಟ್ಟರು.

ನಾಳೆ ಅನ್ನುವಷ್ಟು ಪುರುಸೊತ್ತೂ ಸಿಗಲಿಲ್ಲ. ಬೆಳಿಗ್ಗೆ ಏಳೂವರೆಗೆ ಬಾಗಿಲು ಬಡಿದ ಹುಡುಗ, ಎಂಟಕ್ಕೆ ಚೆಕ್‌ಔಟ್, ಇರುತ್ತೀರೋ ಹೋಗುತ್ತೀರೋ ಎಂದ. ರಾತ್ರಿ ಹನ್ನೊಂದಕ್ಕೆ ಹೊಕ್ಕವರಿಗೆ ಒಂಬತ್ತು ಗಂಟೆಗೆ ಒಂದು ದಿನದ ಬಾಡಿಗೆ! ನಮ್ಮವರು ಕೆಳಗಿಳಿದು ಜಗಳಕ್ಕೇ ನಿಂತರು. ಮ್ಯಾನೇಜರು ಶಾಂತವಾಗಿ ಗೋಡೆಯ ಬೋರ್ಡು ತೋರಿಸಿದ. ಪುರಿಯ ಬಹಳಷ್ಟು ಹೋಟೆಲುಗಳಲ್ಲಿ ಬೆಳಗಿನ ಏಳು, ಎಂಟಕ್ಕೇ ದಿನ ಮುಗಿಯುತ್ತದೆ. ಹೌರಾದಿಂದ ರಾತ್ರಿ ಹೊರಟ ರೈಲುಗಳು ಬೆಳಗಿನ ಜಾವದಿಂದ ಒಂದರ ಹಿಂದೊಂದು ಬಂದು ಜನರನ್ನು ಇಳಿಸುತ್ತವಲ್ಲ, ಅವರಿಗೆ ರೂಮು ಖಾಲಿಯಿರಬೇಕು. ಕೋಲ್ಕತ್ತದವರಿಗೆ ಹೇಳಿ ಮಾಡಿಸಿದ ಗಡಿಯಾರ ಅದು. ದಕ್ಷಿಣದಿಂದ ಹೊತ್ತಲ್ಲದ ಹೊತ್ತಿನಲ್ಲಿ ಬರುವ ನಮಗೆ ಒಂದು ದಿನದ ದುಡ್ಡು ಪುಗಸಟ್ಟೆ ಹೋಗುತ್ತದೆ. ಆಮೇಲಾಮೇಲೆ ನಾನು ಫೋನ್ ಮಾಡಿದರೆ ದರಕ್ಕಿಂತ ಮುಂಚೆ ಕೇಳುತ್ತಿದ್ದುದು ಈ ಗಂಟೆಯನ್ನೇ. ಇಪ್ಪತ್ನಾಲ್ಕು ಗಂಟೆ ಲೆಕ್ಕ ಇಡುವ ಲಾಡ್ಜುಗಳೂ ಇವೆ, ಕೇಳಿದರೆ ಮಾತ್ರ ಹೇಳುತ್ತಾರೆ.

ಸಾಮಾನನ್ನು ಕೆಳಗಿನ ಹಾಲ್‌ನಲ್ಲಿಟ್ಟು ಕಡಲಿಗೆ ಹೋದೆವು. ಅತ್ತೆಯ ಕೈ ಹಿಡಿದ ನುಲಿಯಾ ಐವತ್ತರ ಆಚೆಯ ಗಟ್ಟಿ ಆಸಾಮಿ. ಅಲೆಯೊಂದು ತಲೆಯ ಮೇಲೆ ಹಾದು ಹೋದಾಗ ಅತ್ತೆ ತೆಲುಗಿನಲ್ಲಿ ಅವನಿಗೆ ಬೈದರು. ಅವನಿಗೆ ಆದ ಸಂತೋಷ ಹೇಳತೀರದು. ಆಮೇಲೆ ಇಬ್ಬರೂ ಒದ್ದೆ ಮರಳಿನ ಮೇಲೆ ಕೂತು ಊರಿನ ಹೋಟೆಲುಗಳ ಜಾತಕ ಬಿಡಿಸಿದರು. ಮರಳಿನಿಂದ ಅವನ್ನು ದಿನವೂ ನೋಡುವವನು. ಯಾವ ಕಟ್ಟಡದ ಪೈಪು ಎಲ್ಲಿ ಬಿಚ್ಚಿಕೊಳ್ಳುತ್ತದೆ, ಯಾವುದರ ನೆಲಮಾಳಿಗೆಗೆ ಮಳೆಗಾಲದಲ್ಲಿ ನೀರು ನುಗ್ಗುತ್ತದೆ, ಯಾವುದರಲ್ಲಿ ಟ್ಯಾಂಕರ್ ನೀರು, ಯಾವುದರಲ್ಲಿ ಉಪ್ಪು ಬೋರು, ಎಲ್ಲ ಬಲ್ಲ. ಪಂಚೆ ಹಿಂಡಿಕೊಳ್ಳುತ್ತ ಅವನು ಕೊಟ್ಟ ತೀರ್ಪು ಅತ್ತೆಯ ಅನುವಾದದಲ್ಲಿ ಹೀಗಿತ್ತು: "ಸಮುದ್ರದ ಕಡೆ ಮಾರಿ ಮಾಡಿದ ಮನೀ ಎಲ್ಲಾ ಉಪ್ಪು ತಿಂದು ಸತ್ತಾವಂತ. ಮುದುಕೀನ ಕರ್ಕಂಡು ಬಂದೀರಿ, ಗುಡಿ ಹತ್ರ ಹೋಗ್ರಿ ಅಂತಾನ." ಹೆಸರೂ ಹೇಳಿದ. ಬಡ ದಾಂಡದ ಒಂದು ಅಡ್ಡರಸ್ತೆಯಲ್ಲಿದ್ದ ಮಾರವಾಡಿಗಳ ಧರ್ಮಶಾಲೆ.

ಉಪ್ಪಿನ ಮಾತು ಸುಳ್ಳಲ್ಲ. ಕಡಲೆದುರಿನ ರೂಮಿಗೆ ಹೋದರೆ ನಾನು ಮಂಚ, ಟೀವಿ ನೋಡುವುದಿಲ್ಲ. ಮೊದಲು ಬಚ್ಚಲು, ಆಮೇಲೆ ಕಿಟಕಿಯ ತಿರುಗಣಿ. ನಲ್ಲಿಯ ಬುಡ ಹಸಿರುಗಟ್ಟಿದೆಯೇ, ಕನ್ನಡಿಯ ಅಂಚಿನಿಂದ ಕಪ್ಪು ಹಬ್ಬುತ್ತಿದೆಯೇ, ಬಾಲ್ಕನಿಯ ಕಂಬಿಗೆ ಬೆರಳು ಎಳೆದರೆ ಅಂಟುತ್ತದೆಯೇ. ಬಾಲ್ಕನಿಯ ಮೂಲೆಯಲ್ಲಿ ಎಸಿಯ ಹೊರಪೆಟ್ಟಿಗೆ ಇರುತ್ತದಲ್ಲ, ಅದರ ತಗಡು ತಿಂದು ತೂತಾಗಿದ್ದರೆ ರಾತ್ರಿಯಿಡೀ ಅದು ಗೊರಗೊರ ಅನ್ನುವುದು ಖಂಡಿತ. ಒಂದು ಬಕೆಟ್ ನೀರಿಗೆ ಸೋಪು ತಿಕ್ಕಿ ನೋಡುತ್ತೇನೆ. ನೊರೆ ಬಾರದಿದ್ದರೆ ಅದು ಉಪ್ಪು ಬೋರು, ತಲೆಗೂದಲು ಮೂರೇ ದಿನಕ್ಕೆ ತೆಂಗಿನ ನಾರು. ರೂಮ್ ಬಾಯ್‌ಗಳು ನನ್ನನ್ನು ವಿಚಿತ್ರವಾಗಿ ನೋಡಿದ್ದಿದೆ. ನೋಡಲಿ. ಪುರಿಯ ಊರ ನೀರು ಈಗ ಒಳ್ಳೆಯದು. 2021ರ ಜುಲೈಯಿಂದ ಅಲ್ಲಿ ನಲ್ಲಿಗೆ ಬಾಯಿಟ್ಟು ಕುಡಿಯುವಂಥ ನೀರನ್ನು ದಿನದ ಇಪ್ಪತ್ನಾಲ್ಕು ಗಂಟೆಯೂ ಬಿಡುತ್ತಾರೆ, ದೇಶದಲ್ಲಿ ಮೊದಲು ಆ ವ್ಯವಸ್ಥೆ ಮಾಡಿದ ನಗರ ಅದು. ಹೋಟೆಲಿನ ಟ್ಯಾಂಕಿಗೆ ಹತ್ತಿ ಇಳಿದ ಮೇಲೆ ಅದು ಅದೇ ನೀರಾಗಿ ಉಳಿದಿರುತ್ತದೆ ಎಂಬ ಭರವಸೆ ನನಗಿಲ್ಲ. ಬೀದಿಯ ನಲ್ಲಿಯಲ್ಲೇ ಬಾಟಲಿ ತುಂಬಿಸಿಕೊಳ್ಳುತ್ತೇನೆ.

ಧರ್ಮಶಾಲೆಯ ರೂಮು ಸಾದಾ. ತೆಳು ಹಾಸಿಗೆ, ಕಬ್ಬಿಣದ ಮಂಚ, ಆದರೆ ನೆಲಮಹಡಿಯಲ್ಲೇ ಇತ್ತು, ಹೊಸ್ತಿಲಿಂದ ಹೊಸ್ತಿಲಿಗೆ ಸಮನಾದ ನೆಲ. ಕೌಂಟರಿನಲ್ಲಿದ್ದ ಮುದಿ ಗುಮಾಸ್ತರು ರಿಜಿಸ್ಟರಿನಲ್ಲಿ 'ಕರ್ನಾಟಕ' ಎಂದು ಬರೆದದ್ದನ್ನು ಓದಿ ಕನ್ನಡಕ ಏರಿಸಿದರು. "ನಮ್ಮ ರಾಜರ ಬಿರುದು ಗೊತ್ತೇ? ನವಕೋಟಿ ಕರ್ಣಾಟ ಕಲವರ್ಗೇಶ್ವರ!" 15ನೇ ಶತಮಾನದಲ್ಲಿ ಗಜಪತಿ ಕಪಿಲೇಂದ್ರದೇವ ದಕ್ಷಿಣಕ್ಕೆ ದಂಡೆತ್ತಿ ಬಂದ ಕಾಲದ ಹೆಮ್ಮೆ ಅದು, ಪುರಿಯ ಅರಸು ಮನೆತನದ ಬಿರುದಾವಳಿಯಲ್ಲಿ ನಮ್ಮ ಕಲಬುರಗಿ ಇಂದಿಗೂ ಕೂತಿದೆ. ಹಾಗಾದರೆ ನಾವು ನಿಮ್ಮ ಪ್ರಜೆಗಳಾದೆವಲ್ಲ, ಬಾಡಿಗೆಯಲ್ಲಿ ಏನಾದರೂ ಬಿಡಿ ಎಂದೆ. ಅವರಿಗೆ ನಗು ಬಂತು. ಏನೂ ಬಿಡಲಿಲ್ಲ.

ಗುಡಿಯ ಮಗ್ಗುಲಲ್ಲಿ ಇಳಿದುಕೊಳ್ಳುವುದರ ಸುಖ ಅಲ್ಲಿದ್ದವರಿಗೇ ಗೊತ್ತು. ಜಗನ್ನಾಥನ ಗುಡಿಯೊಳಗೆ ಫೋನು ಒಯ್ಯುವಂತಿಲ್ಲ, ಚರ್ಮದ ಬೆಲ್ಟು, ಪರ್ಸು ಒಯ್ಯುವಂತಿಲ್ಲ. ಕಡಲ ಕಡೆ ರೂಮಿದ್ದರೆ ಇವನ್ನೆಲ್ಲ ಕೌಂಟರಿಗೆ ಕೊಟ್ಟು, ಚೀಟಿ ಇಸಿದುಕೊಂಡು, ದರ್ಶನವಾದ ಮೇಲೆ ಮತ್ತೆ ಸಾಲಿನಲ್ಲಿ ನಿಲ್ಲಬೇಕು. ಅಷ್ಟರಲ್ಲಿ ಮುದುಕರು ಬಿಸಿಲಲ್ಲಿ ಕಾದು ಬೇಯುತ್ತಾರೆ. ಹತ್ತಿರವಿದ್ದರೆ ಎಲ್ಲ ರೂಮಿನಲ್ಲೇ ಬಿಟ್ಟು, ಬರಿಗಾಲಿನಲ್ಲಿ, ಸೊಂಟಕ್ಕೆ ನಾಲ್ಕು ನೋಟು ಸಿಕ್ಕಿಸಿಕೊಂಡು ಹೋಗಿ ಬರಬಹುದು. ಬೆಳಿಗ್ಗೆ ಮಂಗಳಾರತಿ, ಸಂಜೆ ಗುಡಿಯ ಶಿಖರಕ್ಕೆ ಬರಿಗೈಯಲ್ಲಿ ಹತ್ತಿ ಬಾವುಟ ಬದಲಿಸುವುದು. ಅತ್ತೆ ದಿನಕ್ಕೆರಡು ಸಲ ಹೋದರು. ಮಧ್ಯಾಹ್ನ ಆನಂದಬಜಾರಿನಿಂದ ಮಹಾಪ್ರಸಾದ ಮಣ್ಣಿನ ಕುಡುವಾಗಳಲ್ಲಿ ಬರುತ್ತಿತ್ತು: ಅನ್ನ, ಡಾಲ್ಮಾ, ಹುಳಿಸಿಹಿಯ ಖಟ್ಟಾ, ಬೇಸರ ಎಂಬ ಪಲ್ಯ. ಈರುಳ್ಳಿ ಬೆಳ್ಳುಳ್ಳಿ ಇಲ್ಲ, ಆಲೂಗಡ್ಡೆ ಟೊಮ್ಯಾಟೊ ಕೂಡ ಇಲ್ಲ. ನಮ್ಮವರ ಮುಖದಲ್ಲಿ ಆ ಪ್ರವಾಸದ ಮೊದಲ ನಗೆ ಕಂಡದ್ದು ಆಗಲೇ. ಅದನ್ನು ಮೇಜಿನ ಮೇಲಿಟ್ಟು ಉಣ್ಣುವುದಿಲ್ಲ. ನೆಲಕ್ಕೆ ಕೂತು, ಎಲೆಯ ಮೇಲೆ. ನಮ್ಮ ರೂಮಿನಲ್ಲಿ ಮೇಜೇ ಇರಲಿಲ್ಲವಾದ್ದರಿಂದ ಆ ಪ್ರಶ್ನೆ ಏಳಲಿಲ್ಲ.

ಹಾಗೆಂದು ಕಡಲೆದುರಿನ ರೂಮು ಯಾವಾಗಲೂ ದಂಡವೆಂದು ನಾನು ಹೇಳುವುದಿಲ್ಲ. 2019ರ ಡಿಸೆಂಬರಿನಲ್ಲಿ ಅತ್ತೆ ಮತ್ತೊಮ್ಮೆ ಬರುತ್ತೇನೆಂದು ಹಟ ಹಿಡಿದಾಗ ಅವರ ಕಾಲು ಪೂರ್ತಿ ಸೋತಿತ್ತು, ಗಾಲಿಕುರ್ಚಿ ಬಂದಿತ್ತು. ಅದೇ ವರ್ಷದ ಮೇ 3ರಂದು ಫನಿ ಚಂಡಮಾರುತ ಪುರಿಯ ಹತ್ತಿರವೇ ನೆಲ ಮುಟ್ಟಿತ್ತು. ಗಂಟೆಗೆ 175 ಕಿಲೋಮೀಟರು ಮೀರಿದ ಗಾಳಿ. ಏಳು ತಿಂಗಳಾಗಿದ್ದರೂ ತೆಂಗಿನ ಮರಗಳಿಗೆ ತಲೆಯಿರಲಿಲ್ಲ. ಕಡಲ ರಸ್ತೆಯ ಹೋಟೆಲುಗಳ ಮುಂಭಾಗಕ್ಕೆ ಮೆತ್ತಿದ್ದ ಹೊಳೆಯುವ ಹಲಗೆಗಳು ಕಿತ್ತುಹೋಗಿ ಒಳಗಿನ ಇಟ್ಟಿಗೆ ಕಾಣುತ್ತಿತ್ತು. ಆದರೆ ರಿಪೇರಿಯಾದ ಹೋಟೆಲುಗಳಲ್ಲಿ ಕಿಟಕಿ, ನಲ್ಲಿ, ಎಸಿ ಎಲ್ಲವೂ ಹೊಸತು! ಉಪ್ಪಿಗೆ ಇನ್ನೂ ಹಲ್ಲೂರಲು ಸಮಯ ಸಿಕ್ಕಿರಲಿಲ್ಲ. ಅಂಥ ಒಂದರಲ್ಲಿ ಮೊದಲ ಮಹಡಿಯಲ್ಲಿ, ಲಿಫ್ಟಿಗೂ ಜನರೇಟರಿದೆ ಎಂದು ಎರಡು ಸಲ ಕೇಳಿ ಖಚಿತ ಮಾಡಿಕೊಂಡು, ಕಡಲಿಗೆ ನೇರ ಮುಖವಿದ್ದ ರೂಮು ಹಿಡಿದೆ. ದುಬಾರಿ. ಆದರೆ ಗುಡಿಯ ನೂಕುನುಗ್ಗಲಿಗೆ ಅತ್ತೆಯನ್ನು ಒಯ್ಯುವಂತಿರಲಿಲ್ಲ. ಸಿಂಹದ್ವಾರದ ಹೊರಗಿನಿಂದಲೇ, ಪತಿತಪಾವನನಾಗಿ ಬಾಗಿಲಲ್ಲಿ ಕಾಣುವ ಜಗನ್ನಾಥನಿಗೆ ಒಂದು ಬೆಳಿಗ್ಗೆ ಕೈಮುಗಿಸಿ ಕರೆತಂದೆವು. ಉಳಿದ ಹೊತ್ತೆಲ್ಲ ಬಾಲ್ಕನಿ.

ಅವರು ಅಲ್ಲಿ ಕೂತು ಬೀದಿಯ ಮೇಲೆ ಕಾವಲಿದ್ದರು. ಹೆಗಲ ಕೋಲಿಗೆ ಅಲ್ಯೂಮಿನಿಯಂ ಹಂಡೆ ತೂಗುಹಾಕಿಕೊಂಡು ರಸಗುಲ್ಲ ಮಾರುವವನು ಎಷ್ಟು ಹೊತ್ತಿಗೆ ಬರುತ್ತಾನೆ, ಮರಳಿನಲ್ಲಿ ಜಗನ್ನಾಥನ ಮುಖ ಮಾಡುವ ಹುಡುಗ ನೀರನ್ನು ಎಲ್ಲಿಂದ ಹೊರುತ್ತಾನೆ, ಝಾಲ್‌ಮುಡಿಯವನಿಗೂ ಚಹಾದವನಿಗೂ ಜಾಗದ ಜಗಳ ಯಾಕೆ, ಎಲ್ಲ ವರದಿ ನಮಗೆ ಮುಟ್ಟುತ್ತಿತ್ತು. ಕಾಲು ಗಟ್ಟಿಯಿರುವವನಿಗೆ ಸಮುದ್ರ ಐದು ನಿಮಿಷದ ದಾರಿ, ಬಿಟ್ಟಿ ಸಿಗುತ್ತದೆ. ಅವನು ಅದಕ್ಕಾಗಿ ರೂಮಿಗೆ ಎರಡರಷ್ಟು ಕೊಡುವುದು ದುಂದು. ಇಳಿದು ಹೋಗಲಾರದವರಿಗೆ ಅದೇ ದುಡ್ಡು ಪೂರಾ ವಸೂಲು.

ಆಮೇಲೆ ಅತ್ತೆ ಇಲ್ಲದೆ ಹೋದದ್ದು 2024ರಲ್ಲಿ, ಮಗಳ ಜೊತೆ. ಅವಳಿಗೀಗ ಎಲ್ಲವೂ ಫೋನಿನಲ್ಲಿ. ನಕ್ಷತ್ರ ಎಣಿಸಿ, ಫೋಟೋ ಹಿಗ್ಗಿಸಿ, ಹತ್ತು ನಿಮಿಷದಲ್ಲಿ ರೂಮು ಹಿಡಿದಳು. ಫೋಟೋದಲ್ಲಿ ಹೋಟೆಲಿನ ಮೆಟ್ಟಿಲಿಗೇ ಅಲೆ ಬಡಿಯುವಂತಿತ್ತು. ನಡುವೆ ಇರುವ ಅಗಲ ರಸ್ತೆ, ಬಸ್ಸುಗಳು, ಸಾಲು ಅಂಗಡಿ, ರಾತ್ರಿ ಹನ್ನೆರಡರ ಹಾರ್ನು ಯಾವುದನ್ನೂ ಕ್ಯಾಮೆರಾ ಹಿಡಿದಿರಲಿಲ್ಲ. "ಅಮ್ಮಾ, ಹಿಂದುಗಡೆ ರೂಮು ಕೇಳೋಣ್ವಾ?" ಎಂದು ಎರಡನೇ ರಾತ್ರಿ ಅವಳೇ ಕೇಳಿದಳು. ಹಿಂದಿನ ರೂಮು ಅಗ್ಗ, ತಣ್ಣಗೆ, ನಿಶ್ಶಬ್ದ. ಕಿಟಕಿಯಲ್ಲಿ ಪಕ್ಕದ ಮನೆಯ ಹಪ್ಪಳ. ಚೆನ್ನಾಗಿ ನಿದ್ದೆ ಬಂತು. ಟೊಟೊ ಎಂಬ ಬ್ಯಾಟರಿ ರಿಕ್ಷಾದವನು "ನನಗೆ ಗೊತ್ತಿರೋ ಹೋಟೆಲ್ ಇದೆ, ನೋಡಿ" ಎಂದು ಈಗಲೂ ಅಂಗಲಾಚುತ್ತಾನೆ; ಅವನ ಕಮಿಷನ್ ನಮ್ಮ ಬಾಡಿಗೆಯಲ್ಲೇ ಸೇರಿರುತ್ತದೆ ಎಂದು ಅವಳಿಗೆ ಹೇಳಿಕೊಟ್ಟೆ.

ತಾತನ ಜೊತೆ ಉಳಿದಿದ್ದ ಆ ಪಂಡಾನ ಮನೆ ತೋರಿಸುತ್ತೇನೆ ಬಾ ಎಂದು ಕರೆದುಕೊಂಡು ಹೋದೆ. ಇಲ್ಲ. ಗುಡಿಯ ಹೊರಗೋಡೆ ಮೇಘನಾದ ಪಾಚೇರಿಯ ಸುತ್ತ 75 ಮೀಟರಿನೊಳಗಿದ್ದ ಕಟ್ಟಡಗಳನ್ನು 2019ರಲ್ಲಿ ಕೆಡವಿದರು. ಮಠಗಳು, ಅಂಗಡಿ, ವಸತಿಗಳು ಎಲ್ಲ ಹೋದವು. ಆ ಜಾಗದಲ್ಲಿ ಈಗ ಪರಿಕ್ರಮದ ಹಾದಿ, 2024ರ ಜನವರಿಯಲ್ಲಿ ಉದ್ಘಾಟನೆಯಾದದ್ದು. ಅಗಲವಾದ ಕಲ್ಲುಹಾಸು, ಗಿಡ, ಬೆಂಚು. ವಯಸ್ಸಾದವರಿಗೆ ಬ್ಯಾಟರಿ ಗಾಡಿ. ಗುಡಿ ದೂರದಿಂದಲೇ ಪೂರ್ತಿ ಕಾಣುತ್ತದೆ, ನೂಕುನುಗ್ಗಲಿಗೆ ಉಸಿರಾಡಲು ಜಾಗವಾಗಿದೆ, ಅದೆಲ್ಲ ಒಳ್ಳೆಯದೇ. ಆದರೆ ಗೋಡೆಗೆ ಒರಗಿಕೊಂಡು ಮಲಗುವಷ್ಟು ಹತ್ತಿರದ ವಸತಿ ಇನ್ನು ಯಾರಿಗೂ ಸಿಗುವುದಿಲ್ಲ. ಬಡ ದಾಂಡದ ಲಾಡ್ಜುಗಳ ದರ ಏರಿರುವುದಕ್ಕೆ ಅದೂ ಒಂದು ಕಾರಣವಿರಬೇಕು.

ಮೊನ್ನೆ ಮೈಸೂರಿನಿಂದ ಒಬ್ಬರು ಫೋನ್ ಮಾಡಿ, ಜೂನ್ ಕೊನೆಯಲ್ಲಿ ಹೋಟೆಲುಗಳೆಲ್ಲ ಖಾಲಿಯಿರುವಂತೆ ಕಾಣುತ್ತಿದೆ, ಹಿಡಿದುಬಿಡಲೇ ಎಂದರು. ಪಂಚಾಂಗ ತೆಗೆಯಿರಿ ಎಂದೆ. ಜ್ಯೇಷ್ಠ ಹುಣ್ಣಿಮೆಯ ಸ್ನಾನವಾದ ಮೇಲೆ ಸುಮಾರು ಹದಿನೈದು ದಿನ ದೇವರಿಗೆ ಜ್ವರ. ಅಣಸರವೆಂದು ಬಾಗಿಲು ಹಾಕಿರುತ್ತಾರೆ, ಮೂಲ ಮೂರ್ತಿಗಳ ದರ್ಶನವಿಲ್ಲ; ಭಕ್ತರು ಪುರಿಯ ಹತ್ತಿರದ ಬ್ರಹ್ಮಗಿರಿಯ ಅಲಾರನಾಥನ ಕಡೆ ಹೋಗುತ್ತಾರೆ. ಅದು ಮುಗಿದ ಮೇಲೆ ರಥಯಾತ್ರೆ. ಆಗ ಬಡ ದಾಂಡದ ಒಂದು ಬಾಲ್ಕನಿಗೆ ಕೇಳಿದ್ದೇ ಬೆಲೆ. ದುರ್ಗಾಪೂಜೆ, ಕ್ರಿಸ್ಮಸ್ ವಾರ ಎರಡೂ ಬಂಗಾಳಿಗಳ ಪಾಲು. ಕಾರ್ತಿಕದಲ್ಲಿ ವ್ರತದವರ ಸಾಗರ. ಕಾರ್ತಿಕ ಮುಗಿದು ಕ್ರಿಸ್ಮಸ್ ರಜೆ ಶುರುವಾಗುವ ಮುಂಚಿನ ಆ ಕೆಲವು ವಾರ ಹೋಗಿ. ಬಿಸಿಲು ಹಿತ, ದರ ಇಳಿದಿರುತ್ತದೆ, ದರ್ಶನ ಸಲೀಸು. ಮುದುಕರಿದ್ದರೆ ಬಡ ದಾಂಡದಲ್ಲಿ ನೆಲಮಹಡಿಯ ರೂಮು ಕೇಳಿ, ಮಕ್ಕಳನ್ನು ಸಂಜೆ ಆಟೋದಲ್ಲಿ ಕಡಲಿಗೆ ಕಳಿಸಿ. ಹಣ ಕಟ್ಟುವ ಮುಂಚೆ ಚೆಕ್‌ಔಟ್ ಎಷ್ಟು ಗಂಟೆಗೆ ಎಂದು ಮಾತ್ರ ಮರೆಯದೆ ಕೇಳಿಕೊಳ್ಳಿ.